ಹೊರಸು ಬಿಡಿಸುವಾಕಿ

ಕಿರ್ರ್... ಕಿರ್ರ್...

ಹಗಲು ಹೊತ್ತಿನಲ್ಲಿ ಹೊರಸು, ಅದೇ ಹಗ್ಗದ ಮಂಚ, ನರಳುವ ಸದ್ದು ಬೀದಿಯವರೆಗೆ ಬರುವುದು ಕಡಿಮೆ. ಬಂದರೂ ಯಾರೂ ಕಿವಿಗೊಡುವುದಿಲ್ಲ. ಶಾಹೀಸ್ತಾ ಮಾತ್ರ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತ ಆ ಸದ್ದಿಗಾಗಿ ಒಂದು ಗಳಿಗೆ ನಿಲ್ಲುತ್ತಾಳೆ. ಒಳಗೆ ಮಲಗಿದವರು ಮಗ್ಗುಲು ಬದಲಿಸುವ ರೀತಿ ಅದರಲ್ಲಿ ತಿಳಿಯುತ್ತದೆ. ಒಂದೇ ಸಲ ಕಿರ್ ಎಂದರೆ ಸೊಂಟದಲ್ಲಿ ಇನ್ನೂ ಕಸುವಿದೆ. ತಡೆದು ತಡೆದು ಕಿರುಗುಟ್ಟಿದರೆ ಹಗ್ಗವನ್ನೋ ಗೋಡೆಯನ್ನೋ ಹಿಡಿದು ಮೈಯನ್ನು ಎಳೆದುಕೊಳ್ಳುತ್ತಿದ್ದಾರೆ. ಆ ಮಂಗಳವಾರ ಮಸ್ಕಿಯ ಹಳೆ ಬಜಾರಿನ ಹಿಂದಿನ ಓಣಿಯಲ್ಲಿ, ಕಿರಾಣಿ ವ್ಯಾಪಾರಿ ದೊಡ್ಡಬಸಪ್ಪನವರ ಮನೆಯಲ್ಲಿ, ಹೊರಸು ತಡೆದು ತಡೆದು ಕಿರುಗುಟ್ಟಿತು.

ಶಾಹೀಸ್ತಾ ಫಿಸಿಯೋಥೆರಪಿಸ್ಟ್. ಆ ಹೆಸರು ಈ ಕಡೆಯ ಬಾಯಿಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಸಿಂಧನೂರಿನಲ್ಲಿ ಅವಳು ‘ಕಸರತ್ತಿನ ಅಕ್ಕೋರು’, ಲಿಂಗಸುಗೂರಿನಲ್ಲಿ ‘ಕಾಲ್ ಡಾಕ್ಟ್ರು’. ಮಸ್ಕಿಯಲ್ಲಿ ‘ಹೊರಸು ಬಿಡಿಸುವಾಕಿ’. ವಾರದ ಹೆಚ್ಚಿನ ದಿನ ಸಿಂಧನೂರಿನ ಕ್ಲಿನಿಕ್ಕಿನಲ್ಲಿ ಕೆಲಸ. ಮಂಗಳವಾರ ಬಸ್ಸು ಹತ್ತಿ ಮಸ್ಕಿಗೆ, ಶುಕ್ರವಾರ ಲಿಂಗಸುಗೂರಿಗೆ, ಒಮ್ಮೊಮ್ಮೆ ಗುರುಗುಂಟಾದವರೆಗೂ ಹೋಗಿ ಮನೆಯಿಂದ ಹೊರಗೆ ಬರಲಾರದವರನ್ನು ನೋಡುತ್ತಾಳೆ.

ಅವಳ ಅಪ್ಪ ಚಾಂದ್‌ಪಾಷಾ ಸಿಂಧನೂರಿನಲ್ಲಿ ಗಾದಿ ಹೊಲಿಯುವವರು. ಹತ್ತಿ ಹಿಂಜುವ ಯಂತ್ರದ ಮುಂದೆ ಬೆಳಗಿನಿಂದ ಸಂಜೆಯವರೆಗೆ ನಿಂತು, ಹುಬ್ಬುಗಳ ಮೇಲೂ ಹತ್ತಿ ಕೂತ ಮನುಷ್ಯ. ಎದುರಿನ ಚಹಾದಂಗಡಿಯವನು ಅವರನ್ನು ದಿನಕ್ಕೊಮ್ಮೆಯಾದರೂ ಕೆಣಕುತ್ತಾನೆ.

“ಅಪ್ಪ ಮಲಗಸ್ತಾನ, ಮಗಳು ಎಬ್ಬಸ್ತಾಳ. ಇಬ್ರೂ ಕೂಡಿ ಊರಿಗೆ ನೆಟ್ಟಗ ನಿದ್ದಿ ಮಾಡಾಕ ಬಿಡಂಗಿಲ್ಲ ನೋಡು ಚಾಚಾ!”

“ನನ್ನ ಗಾದಿ ರಾತ್ರಿಗಷ್ಟ ಗ್ಯಾರಂಟಿ ಬೇ,” ಎನ್ನುತ್ತಾರೆ ಚಾಂದ್‌ಪಾಷಾ. “ಹಗಲೊತ್ತು ಮಲಗಿದ್ರ ಹತ್ತಿ ಗಂಟು ಕಟ್ತದ. ಮನಷಾನೂ ಹಂಗ.”

ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಹೀಸ್ತಾಳಿಗೆ ಎಲುಬು, ಕೀಲು, ಸ್ನಾಯು ಎಲ್ಲ ಗೊತ್ತಿದ್ದವು. ಮನುಷ್ಯರೊಡನೆ ಮಾತಾಡುವುದು ಗೊತ್ತಿರಲಿಲ್ಲ. ಆಗ ಮುಕ್ಕುಂದದಿಂದ ಗಂಗಾದೇವಿ ಎಂಬ ಹೆಣ್ಣುಮಗಳು ಮೊಣಕಾಲು ನೋವೆಂದು ಬಂದಿದ್ದರು. ಹೊರಗೆ ಜನ ಬಹಳವಿತ್ತು. ಶಾಹೀಸ್ತಾ ಮೊಣಕಾಲನ್ನು ಮಡಚಿ ನೋಡಿ, ವ್ಯಾಯಾಮದ ಚಿತ್ರಗಳಿದ್ದ ಹಾಳೆಯೊಂದನ್ನು ಕೈಗಿತ್ತು, ಮುಂದಿನವರತ್ತ ತಿರುಗುತ್ತ ಹೇಳಿದಳು: “ದಿನಾ ಮುಂಜಾನಿ ನಡೀರಿ ಅಮ್ಮಾ. ನಡೀರಿ, ನಡೀರಿ.”

ಗಂಗಾದೇವಿ ಸೆರಗು ಕೊಡವಿ ಎದ್ದುಬಿಟ್ಟರು.

“ನಡೀರಿ ಅಂದ್ರೇನವಾ? ಮುಂಜಾನಿಂದ ಪಾಳಿ ಹಚ್ಚಿ ಕುಂತೀನಿ. ನಾಯಿ ಓಡಿಸಿದಂಗ ಓಡಿಸ್ತೀಯಲ್ಲ! ಹ್ಞಾಂ, ನಡದೆ ತಗೋ.”

ನಮ್ಮ ಮಾತೇ ಹಾಗೆ. ‘ನಡಿ’ ಎಂದರೆ ಹೆಜ್ಜೆ ಹಾಕು ಎಂದೂ ಹೌದು, ಇಲ್ಲಿಂದ ತೊಲಗು ಎಂದೂ ಹೌದು. ಯಾವುದು ಎನ್ನುವುದನ್ನು ಹೇಳುವವರ ಕಣ್ಣು ತಿಳಿಸಬೇಕು. ಶಾಹೀಸ್ತಾಳ ಕಣ್ಣು ಆಗ ಬೇರೆ ಕಡೆಗಿತ್ತು. ಅಂದು ಮನೆಗೆ ಬಂದು ನಗುತ್ತ ಇದನ್ನು ಹೇಳಿದಾಗ ಅಪ್ಪ ನಗಲಿಲ್ಲ. “ಆ ಹೆಣ್ಮಗಳು ದಿನಾ ಏನ್ ಕೆಲಸ ಮಾಡ್ತಾಳ, ಕೇಳಿದ್ಯಾ?” ಎಂದರು. ಕೇಳಿರಲಿಲ್ಲ. ಅಪ್ಪ ಸೂಜಿಗೆ ದಾರ ಪೋಣಿಸುತ್ತ ದಖನಿಯಲ್ಲಿ ಅಂದರು: “ನಾಪ್ ಲಿಯೇ ಬಗೈರ್ ಗಾದಿ ಸೀತೇ ಕ್ಯಾ ಬೇಟಾ?” ಅಳತೆ ತೆಗೆದುಕೊಳ್ಳದೆ ಗಾದಿ ಹೊಲಿಯುತ್ತಾರೇನು ಮಗಳೇ?

ಮುಂದಿನ ರಜೆಯ ದಿನ ಅವಳು ಮುಕ್ಕುಂದಕ್ಕೆ ಹೋದಳು. ಗಂಗಾದೇವಿ ಭತ್ತದ ಗದ್ದೆಯಲ್ಲಿದ್ದರು. ಮೊಣಕಾಲವರೆಗೆ ಕೆಸರು, ಬಾಗಿದ ಬೆನ್ನು, ಕೈಯಲ್ಲಿ ಸಸಿಯ ಕಟ್ಟು. ಇಡೀ ದಿನ ಕೆಸರಿನಲ್ಲಿ ಕಾಲು ಕಿತ್ತು ಕಾಲಿಡುವವರಿಗೆ ನಾನು ನಡೆಯಲು ಹೇಳಿದೆನಲ್ಲ ಎಂದು ಶಾಹೀಸ್ತಾ ಬದುವಿನ ಮೇಲೆ ನಿಂತೇ ನಾಚಿಕೊಂಡಳು. ತಪ್ಪಾಯಿತೆಂದಳು. ಗಂಗಾದೇವಿ ಅವಳಿಗೂ ಒಂದು ರೊಟ್ಟಿ ಕೊಟ್ಟರು. ಉಂಡಾದ ಮೇಲೆ ತೊಡೆಗೆ ಬಲ ಬರುವ ಎರಡು ಕಸರತ್ತನ್ನು ಅದೇ ಬದುವಿನ ಮೇಲೆ ಇಬ್ಬರೂ ಕೂಡಿ ಮಾಡಿದರು. ಅಂದಿನಿಂದ ಶಾಹೀಸ್ತಾ ಯಾರಿಗೂ ಮೊದಲು ಏನನ್ನೂ ಹೇಳುವುದಿಲ್ಲ. ಕೇಳುತ್ತಾಳೆ.

ಮಸ್ಕಿಯ ಆ ಮನೆಯೊಳಗೆ ಹೊರಸಿನ ಮೇಲೆ ಇದ್ದವರು ದೊಡ್ಡಬಸಪ್ಪನವರ ಹೆಂಡತಿ ಶೇಖರಮ್ಮ. ವಯಸ್ಸು ಅರವತ್ತರ ಒಳಗೇ. ಸಕ್ಕರೆ ಕಾಯಿಲೆ ಹಳೆಯದು. ಹಿಂದಿನ ವರ್ಷ ಎದೆನೋವು ಬಂದು, ದೊಡ್ಡ ಊರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದವರು, ಮನೆಗೆ ಬಂದ ದಿನ ಮಲಗಿದ್ದು ಮಲಗಿದ್ದೇ. ಊಟ ಅಲ್ಲಿಗೇ ಬರುತ್ತಿತ್ತು. ಬಚ್ಚಲಿಗೆ ಹೋಗುವಾಗ ಗಂಡನೇ ತೋಳು ಹಿಡಿಯುತ್ತಿದ್ದರು. ಮೊದಲು ಕಾಲು ಸೋತವು, ಆಮೇಲೆ ಮಾತು ಸೋತಿತು.

“ಬರ್ರಿ ಅಕ್ಕೋರ,” ಎಂದರು ದೊಡ್ಡಬಸಪ್ಪ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅಂಗಡಿಯಿಂದ ಓಡಿಬಂದಿದ್ದರು. “ಕಾಲು ಹಿಡದಾವ ಅಂತಾಳ. ಸ್ವಲ್ಪ ಎಣ್ಣಿ ತಿಕ್ಕಿ ಹೋಗ್ರಿ. ಎಬ್ಬಸಬ್ಯಾಡ್ರಿ ಮತ್ತ. ಡಾಕ್ಟ್ರು ಆರಾಮ ಇರ್ರಿ ಅಂದಾರ.”

ಅಷ್ಟರಲ್ಲಿ ಓಣಿಯಲ್ಲಿ ಹೊರಟಿದ್ದ ಯಾರೋ ಕೂಗಿ ಕೇಳಿದರು: “ಮನ್ಯಾಗ ಅಮ್ಮಾರು ಆರಾಮ ಅದಾರೇನ್ರಿ ಸಾವ್ಕಾರ್ರ?”

“ಭಾಳ ಆರಾಮ ಅದಾಳಪಾ,” ಎಂದರು ದೊಡ್ಡಬಸಪ್ಪ ಸಮಾಧಾನದಿಂದ. “ಮುಂಜಾನಿಂದ ಎದ್ದೇ ಇಲ್ಲ.”

ಶಾಹೀಸ್ತಾ ಆ ಮಾತನ್ನು ಮನಸ್ಸಿನಲ್ಲಿ ಮಡಚಿಟ್ಟುಕೊಂಡಳು. ಎಣ್ಣೆ ತಿಕ್ಕುವುದು ತನ್ನ ಕೆಲಸವಲ್ಲ ಎಂದು ಹೇಳಲಿಲ್ಲ. ಬಟ್ಟಲು ತೆಗೆದುಕೊಂಡು ಹೊರಸಿನ ಪಕ್ಕ ನೆಲದ ಮೇಲೆ ಕೂತು, “ಕಾಲು ಮುಟ್ಲಾ ಅಮ್ಮಾರ?” ಎಂದು ಕೇಳಿ, ಒಪ್ಪಿಗೆ ಸಿಕ್ಕ ಮೇಲೆ ಮುಟ್ಟಿದಳು. ಮೀನಖಂಡ ನೀರಿಲ್ಲದ ಬಳ್ಳಿಯಂತೆ ಸೊರಗಿತ್ತು. ದೊಡ್ಡಬಸಪ್ಪ ಅಂಗಡಿಗೆ ಹೋದರು.

“ಒಂದು ಮಾತು ಕೇಳ್ಲಾ?”

“ಕೇಳವಾ,” ಎಂದರು ಶೇಖರಮ್ಮ. “ಈ ಮನ್ಯಾಗ ಹೇಳೋರೇ ಎಲ್ಲಾರು. ಕೇಳೋರು ನೀ ಒಬ್ಬಾಕಿ.”

“ದಿನ ಹೆಂಗ ಹೋಗ್ತದ್ರಿ?”

“ಫ್ಯಾನ್ ತಿರಗ್ತದ, ನೋಡ್ತೀನಿ. ಕರೆಂಟ್ ಹೋದ್ರ ಫ್ಯಾನ್ ನಿಂದರ್ತದ. ಆವಾಗೂ ನೋಡ್ತೀನಿ.”

ಶಾಹೀಸ್ತಾ ನಕ್ಕಳು. ಮುಂದೆ ಏನೂ ಕೇಳಲಿಲ್ಲ. ಸುಮ್ಮನಿರುವುದಕ್ಕೆ ಅವಳು ಮೊದಲು ಹೆದರುತ್ತಿದ್ದಳು. ಎರಡು ಮಾತಿನ ನಡುವೆ ಜಾಗ ಬಿದ್ದರೆ ಅದರಲ್ಲಿ ಉಪದೇಶ ತುಂಬುತ್ತಿದ್ದಳು. ಈಗ ಆ ಜಾಗವನ್ನು ಎದುರಿನವರಿಗೆ ಬಿಡುತ್ತಾಳೆ.

ಆ ಜಾಗದಲ್ಲಿ ಅಂದು ಫೋನು ಬಡಿದುಕೊಂಡಿತು. ಲಿಂಗಸುಗೂರಿಗೆ ಕೊಟ್ಟ ಒಬ್ಬಳೇ ಮಗಳು ಭಾಗ್ಯಶ್ರೀ. ಶೇಖರಮ್ಮ ಮಲಗಿಯೇ ಮಾತಾಡಿದರು. “ಹ್ಞೂಂ ಅವ್ವಾ... ಅಲ್ಲೇ ಆಗ್ಲಿ ಬಿಡು... ನಾ ಆರಾಮ ಅದೀನಿ.” ಫೋನಿಟ್ಟು ಗೋಡೆಗೆ ಮುಖ ಮಾಡಿದರು. ಹೊರಸು ಸಣ್ಣಗೆ ಅಲುಗತೊಡಗಿತು. ಅಳುವಾಗಲೂ ಅದು ಸದ್ದು ಮಾಡುತ್ತದೆ, ಬೇರೆ ಥರ.

ಮಗಳು ಚೊಚ್ಚಲು ಬಸುರಿ. ಸೀಮಂತದ ಕುಬುಸವೂ ಮುಗಿದಿತ್ತು. ಬಾಣಂತನ ತವರಿನಲ್ಲಿ ಆಗಬೇಕಾದದ್ದು.

“ಇವ್ರು ಲಿಂಗಸೂರಿಗೆ ಹೋಗಿ ಬೀಗರ ಮುಂದ ಮಾತಾಡಿ ಬಂದ್ರವಾ. ನಮ್ಮಾಕಿ ಹಾರ್ಟ್ ಪೇಶಂಟ್ ಅದಾಳ, ಬಾಣಂತನ ನಿಮ್ಮಲ್ಲೇ ಆಗ್ಲಿ ಅಂತ. ನನ್ನ ಒಂದು ಮಾತು ಕೇಳಲಿಲ್ಲ. ನನ್ನ ಕೂಸಿಗೆ ನಮ್ಮವ್ವ ನೀರು ಎರದ್ಲು. ನನ್ನ ಮಗಳ ಕೂಸಿಗೆ ಇನ್ಯಾರೋ ಎರೀತಾರ. ನಾ ಮಾತ್ರ ಫ್ಯಾನ್ ನೋಡ್ಕೋತ ಇರ್ತೀನಿ.”

ನೀವೇ ಎರೆಯುವಂತೆ ಮಾಡುತ್ತೇನೆ ಎನ್ನುವ ಮಾತು ಶಾಹೀಸ್ತಾಳ ನಾಲಿಗೆಯ ತುದಿಗೆ ಬಂತು. ಕಷ್ಟಪಟ್ಟು ನುಂಗಿಕೊಂಡಳು. ಆ ಮಾತು ಆಡಬೇಕಾದವಳು ತಾನಲ್ಲ.

“ಕೂಸಿಗೆ ಎರೀಬೇಕಂದ್ರ ಏನೇನ್ ಮಾಡ್ಬೇಕಾಗ್ತದ್ರಿ ಅಮ್ಮಾರ? ನಮ್ಮ ಮನ್ಯಾಗ ದಾದಿ, ನಮ್ಮಪ್ಪನ ಅವ್ವ, ಎರೀತಿದ್ಲು. ನಾ ದೂರ ನಿಂತು ನೋಡೀನಷ್ಟ.”

“ಏನ್ ಮಾಡೋದಂದ್ರ? ಬಚ್ಚಲದಾಗ ಮಣಿ ಮ್ಯಾಲ ಕುಂದರಬೇಕು. ಕಾಲು ಎರಡೂ ಹಿಂಗ ಮುಂದ ಚಾಚಬೇಕು. ಕೂಸಿನ್ನ ಕಾಲ ಮ್ಯಾಲ ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣಿ ತೀಡಬೇಕು. ಆಮ್ಯಾಲ ಹೊಳ್ಳಿಸಬೇಕು, ಈ ಕೈಲೆ ಕುತಗಿ ಹಿಡದು, ಈ ಕೈಲೆ ನೀರು. ಕಣ್ಣಾಗ ಬೀಳಬಾರದು ಮತ್ತ, ಹಿಂಗ ಅಂಗೈ ಅಡ್ಡ ಹಿಡಿಬೇಕು ಹಣಿಗೆ...”

ಹೇಳುತ್ತ ಹೇಳುತ್ತ ಶೇಖರಮ್ಮ ಎದ್ದು ಕೂತಿದ್ದರು. ಕಾಲು ಚಾಚಿ, ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಕೂಸಿನ ಹಣೆಗೆ ಅಂಗೈ ಅಡ್ಡ ಹಿಡಿದಿದ್ದರು. ಯಾರೂ ಎತ್ತಿ ಕೂರಿಸಿರಲಿಲ್ಲ. ಅದು ಅವರಿಗೆ ಗೊತ್ತೇ ಆಗಿರಲಿಲ್ಲ. ಶಾಹೀಸ್ತಾ ನೋಡಿದಳು, ಹೇಳಲಿಲ್ಲ.

“ಇದರಾಗ ಈಗ ಯಾವುದು ಆದೀತು ಅನಸ್ತದ?”

ಶೇಖರಮ್ಮ ಯೋಚಿಸಿದರು. “ಕಾಲು ಚಾಚೋದಂತೂ ಬರ್ತದ. ಅದನ್ನ ಮಾಡ್ಕೋತ ಬಂದೀನಲ್ಲ ಇಷ್ಟು ದಿನ,” ಎಂದು ನಕ್ಕರು. ನಕ್ಕ ಮೇಲೆ ಗಂಭೀರರಾಗಿ ಅಂದರು: “ಕುಂದರಬಲ್ಲೆ. ಮಣಿ ಮ್ಯಾಲಿಂದ ಏಳೋದ ಆಗಂಗಿಲ್ಲ.”

“ಹಂಗಾದ್ರ ಏಳೋದನ್ನ ಕಲಿಯೋಣ್ರಿ. ಆದ್ರ ಮೊದ್ಲ ನಿಮ್ಮ ಹಾರ್ಟ್ ಡಾಕ್ಟ್ರನ್ನ ಕೇಳ್ತೀನಿ. ಅವ್ರು ಹ್ಞೂಂ ಅಂದ್ರ ಮಾತ್ರ.”

ಫೋನಿನಲ್ಲಿ ಡಾಕ್ಟರು ಮೊದಲು ದಿನಗಳ ಲೆಕ್ಕ ಹಾಕಿದರು. “ಇಷ್ಟು ತಿಂಗಳೂ ಮಲಗೇ ಇದ್ದಾರಾ? ಆರಾಮಾಗಿರಿ ಅಂತ ನಾನೇ ಹೇಳಿದ್ದು ನಿಜ. ಚಿಂತೆ ಮಾಡಬೇಡಿ, ಚೆನ್ನಾಗಿರಿ ಅನ್ನೋ ಅರ್ಥದಲ್ಲಿ. ನಿಧಾನಕ್ಕೆ ಓಡಾಡಿ ಅಂತ ಬಿಡಿಸಿ ಹೇಳಬೇಕಿತ್ತು ನಾನು,” ಎಂದರು. ಕರೆಸಿ ಪರೀಕ್ಷೆ ಮಾಡಿದರು. ಎಲ್ಲಿಂದ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು, ಎದೆ ಹಿಡಿದರೆ, ತಣ್ಣನೆ ಬೆವರು ಬಂದರೆ ತಕ್ಷಣ ಏನು ಮಾಡಬೇಕು ಎಂದು ಒಂದೊಂದಾಗಿ ತಿಳಿಸಿದರು. ಇನ್ನು ಒಪ್ಪಬೇಕಾದವರು ದೊಡ್ಡಬಸಪ್ಪ ಒಬ್ಬರೇ. ಡಾಕ್ಟರ ಮಾತು ಕೇಳಿ ತಲೆಯಾಡಿಸಿದ್ದರು. ಮಸ್ಕಿಗೆ ಬಂದವರೇ ಮತ್ತೆ ಹೆಂಡತಿಯನ್ನು ಮಲಗಿಸಿ ಹೊದಿಕೆ ಹೊದಿಸಿದ್ದರು.

ಶಾಹೀಸ್ತಾ ಅಂಗಡಿಗೆ ಹೋದಳು. ಡಾಕ್ಟರು ಹೇಳಿದ್ದಾರಲ್ಲ ಎಂದು ವಾದ ಮಾಡಲಿಲ್ಲ. “ಆವತ್ತು ಏನಾತ್ರಿ ಸಾವ್ಕಾರ್ರ? ಅಮ್ಮಾರಿಗೆ ಎದಿ ನೋವು ಬಂದ ದಿನ?” ಎಂದಳು.

ದೊಡ್ಡಬಸಪ್ಪ ಬೇಳೆಯ ಚೀಲದ ಬಾಯನ್ನು ಸುಮ್ಮನೆ ಬಿಚ್ಚಿದರು, ಸುತ್ತಿದರು.

“ಅಡಿಗಿ ಮನ್ಯಾಗ ಬಿದ್ದಿದ್ಲ್ರಿ. ಕೈಯಾಗ ಹಿಟ್ಟು ಹಂಗ ಇತ್ತು. ನಾ ಪಡಸಾಲ್ಯಾಗ ಕುಂತು, ರೊಟ್ಟಿ ಬರಾಕ ಎಷ್ಟೊತ್ತು ಅಂತ ಒದರಾಕತ್ತಿದ್ದೆ.” ಸುತ್ತಿದ ಚೀಲದ ಬಾಯನ್ನು ಮತ್ತೆ ಬಿಚ್ಚಿದರು. “ಎದ್ದು ನಿಂತ್ಲಂದ್ರ ಬೀಳ್ತಾಳ ಅಂತ ಕಣ್ಣಾಗ ಕುಂತುಬಿಟ್ಟದ. ಮಲಗಿದ್ರ ನನಗ ಧೈರ್ಯ.”

“ನಿಮ್ಮ ಜಾಗದಾಗ ನಾನಿದ್ರೂ ಮಲಗಸ್ತಿದ್ದೆ,” ಎಂದಳು ಶಾಹೀಸ್ತಾ. ಅದು ಬಾಯುಪಚಾರವಾಗಿರಲಿಲ್ಲ. ದೊಡ್ಡಬಸಪ್ಪ ತಲೆ ಎತ್ತಿ ನೋಡಿದರು. “ಒಂದು ಸಲ ನಿಮ್ಮ ಕೈಲೇ ಹಿಡದು ನೋಡ್ರಿ. ನಿಮಗ ಅಂಜಿಕಿ ಆದ ಗಳಿಗಿ ನಿಲ್ಸೋಣ. ನಿಲ್ಸು ಅನ್ನೋ ಹಕ್ಕು ನಿಮಗೂ ಅದ, ಅಮ್ಮಾರಿಗೂ ಅದ.”

ಮನೆಯಲ್ಲಿ ಅವಳು ದೊಡ್ಡಬಸಪ್ಪನವರ ಬೆರಳುಗಳನ್ನು ಶೇಖರಮ್ಮನ ಮಣಿಕಟ್ಟಿನ ಮೇಲೆ ಇಡಿಸಿದಳು. ನಾಡಿ ಎಲ್ಲಿ ಬಡಿಯುತ್ತದೆಂದು ತೋರಿಸಿದಳು. ಶೇಖರಮ್ಮ ಕಿಟಕಿಯ ಸರಳು ಹಿಡಿದು ಎದ್ದರು, ಕೂತರು, ಮತ್ತೊಮ್ಮೆ ಎದ್ದರು. ಗಂಡನ ಮುಖ ಬಿಳಿಚಿತು.

“ಓಡಾಕತ್ತದ್ರಿ! ಅಕ್ಕೋರ, ಓಡಾಕತ್ತದ!”

“ಓಡ್ಲಿ. ಅಮ್ಮಾರ ಎದಿ ಹಿಡದಂಗ ಆಗ್ತದೇನು? ತಲಿ ತಿರಗ್ತದೇನು? ಇಲ್ಲಲ್ಲ. ಕೈ ಬಿಡಬ್ಯಾಡ್ರಿ ಸಾವ್ಕಾರ್ರ. ಹಂಗ ಹಿಡಕೊಂಡಿರ್ರಿ.”

ಮೂವರೂ ಹಾಗೇ ಕಾದು ಕೂತರು. ಓಣಿಯಲ್ಲಿ ತರಕಾರಿಯವನು ಕೂಗಿ ಹೋದ. ನಿಧಾನವಾಗಿ ದೊಡ್ಡಬಸಪ್ಪನವರ ಹೆಗಲು ಸಡಿಲಾಯಿತು.

“ಇಳೀತು,” ಎಂದರು ಪಿಸುಮಾತಿನಲ್ಲಿ.

“ಓಡೋದು ತಪ್ಪಲ್ರಿ. ಓಡಿ ತಿರುಗಿ ಇಳೀಬೇಕು, ಅಷ್ಟ. ಡಾಕ್ಟ್ರು ಹೇಳಿದ ಆರಾಮ ಅಂದ್ರ ಇದು. ನೀವು ತಿಳಕೊಂಡ ಆರಾಮ ಬ್ಯಾರೆ.”

ದೊಡ್ಡಬಸಪ್ಪ ಬೆರಳು ತೆಗೆದಿರಲಿಲ್ಲ. ಶೇಖರಮ್ಮ ಕೆಂಪಾದರು. “ಬಿಡ್ರಿ ಕೈ. ಅಕ್ಕೋರು ನೋಡಾಕತ್ತಾರ.”

ಒಂದೇ ಮಾತಿನಲ್ಲಿ ಆರೋಗ್ಯವೂ ಇದೆ, ವಿಶ್ರಾಂತಿಯೂ ಇದೆ. ಆರಾಮ ಅದೀರೇನು ಎಂದು ಕೇಳುವ ನಾಡಿನಲ್ಲಿ, ಮಲಗಿಸುವುದೇ ಪ್ರೀತಿ ಎಂದು ನಂಬುವುದು ಎಷ್ಟು ಸುಲಭ! ಶಾಹೀಸ್ತಾ ಆ ಪ್ರೀತಿಯನ್ನು ಹಂಗಿಸಲಿಲ್ಲ. ಅದನ್ನು ಹೊರಸಿನ ಪಕ್ಕದಿಂದ ಎಬ್ಬಿಸಿ, ಕಿಟಕಿಯ ಪಕ್ಕಕ್ಕೆ ತಂದು ನಿಲ್ಲಿಸಿದಳು.

ಹೀಗೆ ಶುರುವಾಯಿತು. ಮೊದಲು ಹೊರಸಿನ ಅಂಚಿನಿಂದ ಏಳುವುದು. ಆಮೇಲೆ ಗಿಡ್ಡ ಸ್ಟೂಲಿನಿಂದ. ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಹಿತ್ತಲಿನ ತುಳಸಿಯವರೆಗೆ. ಎಷ್ಟು ಜೋರಾಗಿ ನಡೆಯಬೇಕು ಎಂಬುದಕ್ಕೆ ಶಾಹೀಸ್ತಾ ಒಂದು ಅಳತೆ ಕೊಟ್ಟಳು.

“ನಡೀವಾಗ ನನ್ನ ಬೈರಿ. ಉಸುರು ಕಡೀದಂಗ ಪೂರಾ ಬೈಯಾಕ ಬಂತಂದ್ರ ಸರಿ ಅದ. ಅರ್ಧಕ್ಕ ನಿಂತ್ರ ನೀವೂ ನಿಂದರ್ರಿ.”

“ನಿನ್ನ ಹೆಂಗ ಬೈಲಿ? ನೀ ಒಳ್ಳೇಕಿ.”

“ಸಾವ್ಕಾರ್ರನ್ನ ಬೈರಿ ಹಂಗಾದ್ರ.”

“ಅದಕ್ಕೇನು, ವರ್ಷಗಟ್ಟಲೆ ಬಾಕಿ ಉಳದಾವ ಬೈಗುಳ,” ಎಂದರು ಶೇಖರಮ್ಮ. ತುಳಸಿ ಸುತ್ತುತ್ತ ಬೈಗುಳದ ಅಭ್ಯಾಸ ನಡೆಯಿತು. ದೊಡ್ಡಬಸಪ್ಪ ಒಳಗೆ ಕೂತು ಕೇಳಿಸಿಕೊಂಡು ಮೀಸೆಯೊಳಗೆ ನಗುತ್ತಿದ್ದರು.

ಶ್ರಾವಣ ಬಂತು. ಒಂದು ಸೋಮವಾರ ಶೇಖರಮ್ಮ ತುಳಸಿಕಟ್ಟೆಯ ಬಳಿ ಕಣ್ಣು ಕತ್ತಲಿಟ್ಟು ಕುಸಿದು ಕೂತರು. ಕೈ ನಡುಗುತ್ತಿತ್ತು, ಮೈಯೆಲ್ಲ ಬೆವರು. ದೊಡ್ಡಬಸಪ್ಪ ಕೂಗಿದ್ದು ಓಣಿಗೆಲ್ಲ ಕೇಳಿತು. ಆಸ್ಪತ್ರೆಯಲ್ಲಿ ನೋಡಿದಾಗ ಹೃದಯಕ್ಕೆ ಏನೂ ಆಗಿರಲಿಲ್ಲ. ಸಕ್ಕರೆ ಪಾತಾಳಕ್ಕಿಳಿದಿತ್ತು. ಶ್ರಾವಣ ಸೋಮವಾರದ ಉಪವಾಸ. ಹೊಟ್ಟೆಗೆ ಏನೂ ಇಲ್ಲ, ಸಕ್ಕರೆಯ ಗುಳಿಗೆ ಮಾತ್ರ ತಪ್ಪದೆ ನುಂಗಿದ್ದಾರೆ, ಅದರ ಮೇಲೆ ಕಸರತ್ತು.

ಮರುದಿನ ಶಾಹೀಸ್ತಾ ಬಂದಾಗ ಶೇಖರಮ್ಮ ಮತ್ತೆ ಹೊರಸಿನ ಮೇಲಿದ್ದರು. ದೊಡ್ಡಬಸಪ್ಪ ಬಾಗಿಲಲ್ಲೇ ನಿಂತಿದ್ದರು.

“ಸಾಕ್ರಿ ಅಕ್ಕೋರ. ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ಸಾಕು.”

“ತಪ್ಪು ನಂದ್ರಿ. ಎಲ್ಲಾ ಕೇಳಿದೆ, ವಾರ ಉಪಾಸ ಕೇಳಲಿಲ್ಲ. ರೋಜಾ ಇರೋ ಮನ್ಯಾಗ ಬೆಳದಾಕಿ ನಾ, ನನಗ ಹೊಳೀಬೇಕಿತ್ತು.” ಅವಳು ನೆಪ ಹುಡುಕಲಿಲ್ಲ. ಉಪವಾಸದ ದಿನ ಗುಳಿಗೆಯನ್ನು ಏನು ಮಾಡಬೇಕೆಂದು ಡಾಕ್ಟರನ್ನು ಕೇಳಿಕೊಂಡೇ ಬಂದಿದ್ದಳು. ಅದನ್ನು ತಿಳಿಸಿದಳು. ಸೋಮವಾರ ಕಸರತ್ತು ಬೇಡ ಎಂದಳು. ಒಳಗೆ ನೋಡಿ, “ಅಮ್ಮಾರ, ನೀವೇನಂತೀರಿ?” ಎಂದಳು.

ಶೇಖರಮ್ಮ ಫ್ಯಾನು ನೋಡುತ್ತಿದ್ದರು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಶಾಹೀಸ್ತಾ ಊರು ಬರುವವರೆಗೂ ಕಣ್ಣು ಮುಚ್ಚಿಕೊಂಡಿದ್ದಳು. ಹೆರಿಗೆಗೆ ತಿಂಗಳೂ ಉಳಿದಿರಲಿಲ್ಲ. ಮತ್ತೆ ಹೋಗಿ ಒತ್ತಾಯ ಮಾಡಬಹುದಿತ್ತು. ಮಾಡಲಿಲ್ಲ. ಬೇರೆಯವರ ಒತ್ತಾಯಕ್ಕೆ ಎದ್ದವರು ಒತ್ತಾಯ ನಿಂತ ದಿನ ಮಲಗುತ್ತಾರೆ ಎನ್ನುವುದನ್ನು ಅವಳು ಬಹಳ ಮನೆಗಳಲ್ಲಿ ನೋಡಿದ್ದಳು.

ಅದೇ ವಾರ ಏನು ನಡೆಯಿತೋ ಅದನ್ನು ಕಣ್ಣಾರೆ ಕಂಡವರು ಬಟ್ಟೆ ಅಂಗಡಿಯ ಅಮರಗುಂಡಪ್ಪ. ಅವರ ಅಂಗಡಿ ದೊಡ್ಡಬಸಪ್ಪನವರ ಮನೆಗೂ ಕಿರಾಣಿ ಅಂಗಡಿಗೂ ನಡುವೆ ಇದೆ. ಬೆಳಗಿನ ವ್ಯಾಪಾರದ ಹೊತ್ತು, ಓಣಿಯ ತಿರುವಿನಲ್ಲಿ ಶೇಖರಮ್ಮ ಕಾಣಿಸಿಕೊಂಡರು. ಒಬ್ಬರೇ. ಸೆರಗು ಬಿಗಿದು, ಗೋಡೆ ಹಿಡಿಯದೆ. ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡರು. 

“ಗಾಡಿ ತರಸ್ಲೇನಕ್ಕಾ?” ಎಂದರು ಅಮರಗುಂಡಪ್ಪ ಗಾಬರಿಯಾಗಿ.

“ಗಾಡ್ಯಾಗ ಕುಂತು ಹೋದ್ರ ನಿಮ್ಮಣ್ಣಗ ತಿಳಿಯಂಗಿಲ್ಲಪಾ,” ಎಂದು ಎದ್ದು ನಡೆದರು.

ಕಿರಾಣಿ ಅಂಗಡಿಯ ಮುಂದೆ ಗಿರಾಕಿಗಳು ದಾರಿ ಬಿಟ್ಟರು. ದೊಡ್ಡಬಸಪ್ಪನವರ ಕೈಯಲ್ಲಿದ್ದ ಸಕ್ಕರೆಯ ಚೀಲ ಜಾರಿತು.

“ಮಗಳ ಬಾಣಂತನ ನಮ್ಮ ಮನ್ಯಾಗ ಆಗ್ತದ, ಈಗಿಂದೀಗ ಬೀಗರಿಗೆ ಫೋನ್ ಹಚ್ರಿ, ನೀವು ಹಚ್ಚಲಿಲ್ಲಂದ್ರ ನಾನ ಲಿಂಗಸೂರು ಬಸ್ ಹತ್ತಿ ಹೋಗಿ ಮಗಳ ಕೈ ಹಿಡಕೊಂಡು ಬರ್ತೀನಿ, ನಾ ಸತ್ರೂ ಕೂಸಿಗೆ ನೀರು ಹಾಕಿ ಸಾಯ್ತೀನಿ ಹೊರತು ಫ್ಯಾನ್ ನೋಡ್ಕೋತ ಸಾಯಂಗಿಲ್ಲ, ತಿಳೀತೇನು ನಿಮಗ?”

ದೊಡ್ಡಬಸಪ್ಪ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. “ಉಸುರು ಕಡೀಲಿಲ್ಲ,” ಎಂದರು ಮೆಲ್ಲಗೆ. ನಂತರ ಫೋನು ತೆಗೆದರು. ಬೀಗರಿಗೆ ಮಾತಾಡಿದ ಮೇಲೆ ಸಿಂಧನೂರಿಗೆ ಮಾಡಿದರು. “ಅಕ್ಕೋರ, ಬೈದ್ಲ್ರಿ! ಬಜಾರಿನಾಗ ನಿಂತು, ಎಲ್ಲಾರ ಮುಂದ, ಪೂರಾ ಬೈದ್ಲು!” ಮದುವೆ ನಿಶ್ಚಯವಾದಷ್ಟು ಸಂತೋಷ ಅವರ ದನಿಯಲ್ಲಿತ್ತು.

ಮುಂದಿನ ಮಂಗಳವಾರ ಕಸರತ್ತಿನ ಸಾಮಾನು ದೊಡ್ಡಬಸಪ್ಪನವರ ಅಂಗಡಿಯಿಂದಲೇ ಬಂತು. ಹುಟ್ಟಿದ ಕೂಸು ಎಷ್ಟು ಭಾರ ಇರುತ್ತದೆ ಎಂದು ಶಾಹೀಸ್ತಾಳನ್ನು ಕೇಳಿ, ಅಷ್ಟು ಅಕ್ಕಿಯನ್ನು ಅವರೇ ತಕ್ಕಡಿಯಲ್ಲಿ ತೂಗಿ, ಹಳೆಯ ಧೋತರದಲ್ಲಿ ಸುತ್ತಿ, ತಲೆಗೆ ಒಂದು ಗಂಟು ಹಾಕಿ ತಂದಿದ್ದರು. ಶೇಖರಮ್ಮ ಮಣೆಯ ಮೇಲೆ ಕೂತು ಆ ಅಕ್ಕಿಯ ಕೂಸನ್ನು ಕಾಲ ಮೇಲೆ ಹಾಕಿಕೊಂಡರು. ಹೊರಳಿಸಿದರು. ಪಕ್ಕಕ್ಕೆ ಕೊಟ್ಟು, ಮೈ ತಿರುಗಿಸಿ, ಒಂದು ಮೊಣಕಾಲೂರಿ, ಬಚ್ಚಲ ಕಟ್ಟೆ ಹಿಡಿದು ಏಳುವುದನ್ನು ಕಲಿತರು. ಮೊದಲ ಸಲ ಅರ್ಧದಲ್ಲಿ ಕೂತುಬಿಟ್ಟರು. ಕಟ್ಟೆ ಎತ್ತರವಾಯಿತೆಂದು ಶಾಹೀಸ್ತಾ ಅಲ್ಲಿ ಗಟ್ಟಿಯಾದ ಸ್ಟೂಲೊಂದನ್ನು ಇಡಿಸಿದಳು. ಆಮೇಲೆ ಆಯಿತು.

“ಕುತಗಿ ಹಿಡಿಯೇ, ಕುತಗಿ!” ಎನ್ನುತ್ತಿದ್ದರು ದೊಡ್ಡಬಸಪ್ಪ ಬಾಗಿಲಲ್ಲಿ ನಿಂತು.

“ಅಕ್ಕಿಗೆ ಎಲ್ಲಿ ಕುತಗಿ ಅದರೀ?”

“ಗಂಟು ಹಾಕೀನಲ್ಲ, ಅದ!”

ಭಾಗ್ಯಶ್ರೀಗೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಬಾಣಂತಿ ನೇರವಾಗಿ ಮಸ್ಕಿಗೆ ಬಂದಳು. ಹೊಕ್ಕುಳಬಳ್ಳಿ ಒಣಗಿ ಬಿದ್ದ ಮೇಲೆ ಮೊದಲ ಸಲ ಎರೆಯುವ ದಿನ ಮಂಗಳವಾರವೇ ಆಗಿತ್ತು. ಆಗಿತ್ತೋ, ಶೇಖರಮ್ಮನೇ ಮಾಡಿಕೊಂಡರೋ ಗೊತ್ತಿಲ್ಲ.

ಬಚ್ಚಲಿನಲ್ಲಿ ಹಬೆ ತುಂಬಿತ್ತು. ಕೊಬ್ಬರಿ ಎಣ್ಣೆಯ ವಾಸನೆ. ಶೇಖರಮ್ಮನ ಚಾಚಿದ ಕಾಲುಗಳ ಮೇಲೆ ಕೂಸು ಬೋರಲು ಮಲಗಿ ಮೊದಲು ಅತ್ತಿತು, ಬೆನ್ನಿಗೆ ಬೆಚ್ಚಗಿನ ನೀರು ಬಿದ್ದ ಮೇಲೆ ಅಳು ಮರೆತು ಬಾಯಿ ತೆರೆದುಕೊಂಡಿತು. ಅಜ್ಜಿಯ ಅಂಗೈ ಆ ಪುಟ್ಟ ಹಣೆಗೆ ಅಡ್ಡ ಬಂತು. ಒಂದು ಹನಿಯೂ ಕಣ್ಣಿಗೆ ಬೀಳಲಿಲ್ಲ. ಭಾಗ್ಯಶ್ರೀ ಒಣ ಬಟ್ಟೆಯಲ್ಲಿ ಕೂಸನ್ನು ಎತ್ತಿಕೊಂಡಳು. ಇನ್ನು ಏಳುವುದು ಬಾಕಿ. ದೊಡ್ಡಬಸಪ್ಪ ಒಂದು ಹೆಜ್ಜೆ ಮುಂದೆ ಬಂದರು.

“ನಿಂದರ್ರಿ ಅಲ್ಲೇ,” ಎಂದರು ಶೇಖರಮ್ಮ.

ಮೈ ತಿರುಗಿಸಿದರು. ಮೊಣಕಾಲೂರಿದರು. ಸ್ಟೂಲಿನ ಮೇಲೆ ಕೈಯಿಟ್ಟು ಒಂದು ಉಸಿರು ತೆಗೆದುಕೊಂಡರು. ಎದ್ದರು. ಒದ್ದೆ ಸೀರೆಯಿಂದ ನೀರು ಸುರಿಯುತ್ತಿತ್ತು. ಅವರು ಯಾರನ್ನೂ ನೋಡಲಿಲ್ಲ. ಮಗಳ ತೋಳಿನಲ್ಲಿದ್ದ ಕೂಸನ್ನು ನೋಡುತ್ತ, “ಧೂಪ ಹಾಕ್ಬೇಕು, ಕೆಂಡ ಎಲ್ಲದ?” ಎಂದು ಅಡಿಗೆಮನೆಯತ್ತ ಹೋದರು.

ಶಾಹೀಸ್ತಾ ಪಡಸಾಲೆಯಲ್ಲಿ ಕೂತು ಚಹಾ ಕುಡಿದಳು. ದೊಡ್ಡಬಸಪ್ಪ ಎದುರಿಗೆ ಕೂತು ಕಣ್ಣೊರೆಸಿಕೊಂಡರು. ಆಮೇಲೆ ದನಿ ತಗ್ಗಿಸಿದರು.

“ಅಕ್ಕೋರ, ಆಕಿ ಆಸೆ ತೀರ್ತು. ಇವತ್ತಿಗೆ ಸಾಕ್ರಿ. ನಾಳಿಂದ ಎರಿಯಾಕ ಒಬ್ಬಾಕಿನ್ನ ಹಚ್ತೀನಿ. ದಿನಾ ದಿನಾ ಕುಂದ್ರೋದು ಏಳೋದು... ನೀವ ಹೇಳ್ರಿ ಆಕಿಗೆ. ನಿಮ್ಮ ಮಾತು ಕೇಳ್ತಾಳ.”

“ಇಷ್ಟು ದಿನ ಕೇಳಿದ್ರು,” ಎಂದಳು ಶಾಹೀಸ್ತಾ, ಚಹಾದ ಬಸಿಯನ್ನು ಕೆಳಗಿಡುತ್ತ. “ಇನ್ನ ಮ್ಯಾಲ ಕೇಳೋದು ಬ್ಯಾಡ ಅಂತನ ಇಷ್ಟೆಲ್ಲಾ ಮಾಡಿದ್ದು.”

“ಅದಲ್ರೀ, ಚಳಿಗಾಲ ಬರ್ತದ, ಬಚ್ಚಲ ಜಾರ್ತದ...”

“ಜಾರದಂಗ ಒಂದು ಗೋಣಿತಟ್ಟು ಹಾಸ್ರಿ.” ಅವಳು ಓಢಣಿ ಸರಿಪಡಿಸಿಕೊಂಡು ಎದ್ದಳು. “ಆ ಕಡೆ ಓಣ್ಯಾಗ ಬುಡ್ಡೇಸಾಬ್ ಅಂತ ಒಬ್ರು ಅದಾರ. ಪಾರ್ಶ್ವವಾಯು ಆದಾಗಿಂದ ಕುರ್ಚಿ ಬಿಟ್ಟು ಏಳವಲ್ರು. ಕಾಯಾಕತ್ತಿರ್ತಾರ.”

“ಒಂದ ನಿಮಿಷ ನಿಂದರ್ರಿ ಅಕ್ಕೋರ. ಗೋಣಿತಟ್ಟು ಹಾಸ್ತೀನಿ, ಆತು. ಆದ್ರ ಆಕಿ ಮೊಣಕಾಲು? ಮತ್ತ ಸೋಮಾರ? ಸೋಮಾರ ಉಪಾಸ ಇದ್ದಾಗ ಎರಿಯೋದು ಹೆಂಗ? ವಾರಕ್ಕ ನಾಕು ದಿನ ಆಕಿ, ಉಳದ ದಿನ ಬ್ಯಾರೆಯವ್ರು ಅಂತ ಮಾಡಿದ್ರ...”

ಒಳಗಿನಿಂದ ಶೇಖರಮ್ಮ ಕೂಗಿದರು: “ಏನ್ರೀ ಅದು, ನನ್ನ ಹೆಸರಿನ್ಯಾಗ ವಾರ ಹಂಚಾಕತ್ತೀರಿ?”

“ಇಲ್ಲಲೇ, ಸುಮ್ನ ಅಕ್ಕೋರ ಕೂಡ ಒಂದು ಮಾತು...” ಎಂದು ದೊಡ್ಡಬಸಪ್ಪ ಒಳಗೆ ಹಣಕಿ, ಮತ್ತೆ ಹೊಸ್ತಿಲಿನತ್ತ ತಿರುಗಿ, “ಹಂಗಲ್ರೀ ಅಕ್ಕೋರ, ನಾ ಏನಂತೀನಂದ್ರ...” ಎಂದು ಮುಂದುವರಿಸಿದರು.

ಹೊಸ್ತಿಲ ಹೊರಗೆ ಚಪ್ಪಲಿ ಇರಲಿಲ್ಲ. ಶಾಹೀಸ್ತಾ ಆಗಲೇ ಅಮರಗುಂಡಪ್ಪನವರ ಅಂಗಡಿ ದಾಟಿ, ಬಿಸಿಲಿಗೆ ಓಢಣಿ ಎಳೆದುಕೊಳ್ಳುತ್ತ, ಬೀಸು ಹೆಜ್ಜೆಯಲ್ಲಿ ಹೋಗುತ್ತಿದ್ದಳು.